ಶೆಡ್ಡಿನಲ್ಲಿ ನಿಂತ ಎಂಜಿಎ: ರಿಪೇರಿ ಮಾಡಿಸುವುದೋ, ಮಾರುವುದೋ?

ಪ್ರಶ್ನೆ: ಸರ್, ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಕೆಜಿಎಫ್ ಗಣಿಯಲ್ಲಿದ್ದ ಅಧಿಕಾರಿಯೊಬ್ಬರಿಂದ ನಮ್ಮ ತಾತ ಕೊಂಡ 1957ರ ಎಂಜಿಎ 1500 ಕಾರು ಮನೆಯಲ್ಲಿದೆ. ಎರಡು ಸೀಟಿನ ಓಪನ್ ಗಾಡಿ. 1988ರಿಂದ ಓಡಿಲ್ಲ. ಹಳೇ ರೇಷ್ಮೆಹುಳು ಸಾಕಣೆ ಮನೆಯೊಳಗೆ ಮಣ್ಣಿನ ನೆಲದ ಮೇಲೆ ನಿಂತಿದೆ. ಪಕ್ಕದಲ್ಲೇ ಬ್ಲೀಚಿಂಗ್ ಪೌಡರ್, ಸುಣ್ಣ, ಗೊಬ್ಬರದ ಮೂಟೆ ಇಡುತ್ತಿದ್ದೆವು. ಬಾಗಿಲ ಕೆಳಗಿನ ತಗಡು ಮುಟ್ಟಿದರೆ ಉದುರುತ್ತೆ, ಇಂಜಿನ್ ಜಾಮ್ ಆಗಿದೆ. ಬೆಂಗಳೂರಿನವರೊಬ್ಬರು ಇದ್ದ ಹಾಗೇ 5 ಲಕ್ಷಕ್ಕೆ ಕೇಳುತ್ತಿದ್ದಾರೆ. ಇಲ್ಲಿನ ಗ್ಯಾರೇಜಿನವರು 4 ಲಕ್ಷ ಕೊಟ್ಟರೆ ಮಾರುತಿ ಇಂಜಿನ್ ಕೂರಿಸಿ, ಪೇಂಟ್ ಹೊಡೆದು ಓಡೋ ಹಾಗೆ ಮಾಡಿಕೊಡ್ತೀವಿ ಅಂತಾರೆ. ಆರ್‌ಸಿ ಇನ್ನೂ ತಾತನ ಹೆಸರಲ್ಲಿದೆ, ಅವರು ತೀರಿಹೋಗಿದ್ದಾರೆ. ನಾವು ಮೂರು ಜನ ಮೊಮ್ಮಕ್ಕಳು. ಮಾರೋಣವೋ, ಮಾಡಿಸೋಣವೋ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಬೆಂಗಳೂರಿನವರಿಂದ ಮುಂಗಡ ತೆಗೆದುಕೊಳ್ಳಬೇಡಿ, ಗ್ಯಾರೇಜಿಗೂ ಗಾಡಿ ಕಳಿಸಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ಎರಡೇ ಕಡೆ ಇದೆ: ಗಾಡಿಯ ಅಡಿಯಲ್ಲಿ ಭಾರ ಹೊರುವ ಉಕ್ಕಿನ ಚೌಕಟ್ಟಾದ ಚಾಸಿಯಲ್ಲಿ, ಮತ್ತೆ ಆರ್‌ಟಿಒ ಕಡತದಲ್ಲಿ. ಜಾಮ್ ಆದ ಇಂಜಿನ್ ನೋಡಿ ಎಲ್ಲರೂ ಹೆದರುತ್ತಾರೆ, ಆದರೆ ಈ ಕಾರಿನಲ್ಲಿ ಅತ್ಯಂತ ಸುಲಭವಾಗಿ ಸರಿಹೋಗುವುದು ಅದೇ. ಆದ್ದರಿಂದ ಮೊದಲು ಆ ಮಾರುತಿ ಇಂಜಿನ್ನಿನ ಮಾತನ್ನು ಮುಗಿಸಿಬಿಡೋಣ.

ಎಂಜಿಎ 1955ರಿಂದ 1962ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಯಿತು. ಒಟ್ಟು 1 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಗಾಡಿ, ಅದರಲ್ಲಿ ಬಹುಪಾಲು ಅಮೆರಿಕಕ್ಕೆ ಹೋಯಿತು. ನಿಮ್ಮದರಲ್ಲಿ ಇರುವುದು ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ 1489 ಸಿಸಿ ಬಿ-ಸೀರೀಸ್ ಇಂಜಿನ್. ನಮ್ಮ ಹಳೇ ಪೆಟ್ರೋಲ್ ಅಂಬಾಸಿಡರಿನಲ್ಲಿ ದಶಕಗಟ್ಟಲೆ ಓಡಿದ್ದೂ ಇದೇ ಕುಟುಂಬದ 1489 ಸಿಸಿ ಇಂಜಿನ್. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ 73.025 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ 88.9 ಮಿ.ಮೀ., ಎರಡು ಗಾಡಿಯಲ್ಲೂ ಒಂದೇ. ಹಾಗಾಗಿ ರಿಂಗ್, ಬೇರಿಂಗ್, ಗ್ಯಾಸ್ಕೆಟ್, ವಾಲ್ವ್ ಥರದ ಸಾಮಾನುಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಶಿವಾಜಿನಗರದ ಗುಜರಿಯಲ್ಲೂ ಮೊದಲು ಹುಡುಕಿ. ಹಳೇ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ವರ್ನಿಯರ್‌ನಲ್ಲಿ ಅಳತೆ ಹೋಲಿಸಿ ತನ್ನಿ. ಅಂಬಾಸಿಡರ್ ಪಿಸ್ಟನ್ ಬೋರಿಗೆ ಕೂತರೂ ಅದರ ತಲೆಭಾಗದ ಎತ್ತರ ಬೇರೆಯಿದ್ದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ಬಿದ್ದುಹೋಗುತ್ತೆ. ಎಂಜಿಎ 1500ರ ಕಂಪ್ರೆಷನ್ ಅನುಪಾತ 8.3ಕ್ಕೆ 1. ಅಂಬಾಸಿಡರಿನದು ಅದಕ್ಕಿಂತ ಕಡಿಮೆ. ಅಂಗಡಿಯಲ್ಲಿ ಬರೀ ‘ಅಂಬಾಸಿಡರ್’ ಅಂತ ಕೇಳಿದರೆ ಡೀಸೆಲ್‌ನದೋ 1.8 ಇಸುಜುದೋ ಕೊಟ್ಟುಬಿಡುತ್ತಾರೆ. ಅವು ಯಾವುವೂ ಬರುವುದಿಲ್ಲ. ‘ಹಳೇ 1489 ಪೆಟ್ರೋಲ್’ ಅಂತಲೇ ಕೇಳಿ.

ಮೂಲ ಇಂಜಿನ್ನಿಗೆ ಇಷ್ಟು ಹತ್ತಿರದಲ್ಲೇ ಸಾಮಾನು ಸಿಗುವಾಗ ಅದನ್ನು ಕಿತ್ತು ಮಾರುತಿ ಇಂಜಿನ್ ಕೂರಿಸುವುದು ಎರಡು ರೀತಿಯಲ್ಲಿ ನಷ್ಟ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಬಗ್ಗೆ ತಿದ್ದುಪಡಿ ಬಂತು. 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ, ಚಾಸಿ, ಬಾಡಿ ಶೆಲ್, ಇಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗದ ಗಾಡಿಗೆ ಮಾತ್ರ ವಿಂಟೇಜ್ ನೋಂದಣಿ. ಇಂಜಿನ್ ಬದಲಾಯಿಸಿದ ದಿನವೇ ಆ ಬಾಗಿಲು ಮುಚ್ಚುತ್ತೆ. ಇನ್ನೊಂದು, ಇಂಥ ಗಾಡಿ ಕೊಳ್ಳುವವರು ಇಂಜಿನ್, ಚಾಸಿ ಪ್ಲೇಟಿನ ಮೇಲಿನ ನಂಬರೂ ಆರ್‌ಸಿಯ ನಂಬರೂ ತಾಳೆ ಆಗುತ್ತಾ ಅಂತ ಮೊದಲು ನೋಡುತ್ತಾರೆ. ಇದ್ದ ಹಾಗೇ 5 ಲಕ್ಷಕ್ಕೆ ಕೇಳುತ್ತಿರುವವರು ಮಾರುತಿ ಇಂಜಿನ್ ಹಾಕಿದ ಮೇಲೆ ಆ 5 ಲಕ್ಷವನ್ನೂ ಕೊಡಲಾರರು. 4 ಲಕ್ಷ ಕೈಯಿಂದ ಹಾಕಿ ಗಾಡಿಯ ಬೆಲೆ ಇಳಿಸಿಕೊಂಡಂತೆ ಆಗುತ್ತೆ.

ಇಂಜಿನ್ ಬಿಡಿಸುವ ಪ್ರಯತ್ನವನ್ನು ನೀವೇ ಮಾಡಬಹುದು, ಅವಸರ ಮಾತ್ರ ಕೂಡದು. ಟ್ರ್ಯಾಕ್ಟರಿಗೆ ಕಟ್ಟಿ ಗೇರಿನಲ್ಲಿ ಎಳೆದು ಸ್ಟಾರ್ಟ್ ಮಾಡಲು ಯಾರನ್ನೂ ಬಿಡಬೇಡಿ. ತುಕ್ಕಿಗೆ ಕಚ್ಚಿಕೊಂಡ ರಿಂಗ್ ಮುರಿಯುತ್ತೆ, ಕನೆಕ್ಟಿಂಗ್ ರಾಡ್ ಬಾಗುತ್ತೆ. ಮೊದಲು ಇಂಜಿನ್ ಅಡಿಯ ಆಯಿಲ್ ತೊಟ್ಟಿ, ಅಂದರೆ ಸಂಪ್‌ನ ಆಯಿಲ್ ಇಳಿಸಿ, ಅದರಲ್ಲಿ ನೀರಿದೆಯಾ ನೋಡಿ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅಸಿಟೋನ್ ಮತ್ತು ಪವರ್ ಸ್ಟಿಯರಿಂಗಿಗೆ ಹಾಕುವ ಎಟಿಎಫ್ ಆಯಿಲ್ ಸಮಪಾಲು ಬೆರೆಸಿ, ಒಂದೊಂದು ಸಿಲಿಂಡರಿಗೆ 40 ಮಿ.ಲೀ. ಹಾಕಿ. ಅಸಿಟೋನ್ ತಟ್ಟನೆ ಬೆಂಕಿ ಹತ್ತುವ ಪದಾರ್ಥ. ಬೀಡಿ, ಗ್ರೈಂಡರ್ ಹತ್ತಿರ ಬರಬಾರದು. ದಿನಕ್ಕೊಮ್ಮೆ ಹಾಕುತ್ತಾ ಹತ್ತು ದಿನ ಬಿಡಿ. ಆಮೇಲೆ ಮೇಲಿನ ರಾಕರ್ ಕವರ್ ತೆಗೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ ಮುಂದಕ್ಕೊಂದಿಷ್ಟು ಹಿಂದಕ್ಕೊಂದಿಷ್ಟು ಅಲುಗಾಡಿಸಿ. ಕಾಲುಸುತ್ತು ಸರಿದರೆ ಅಲ್ಲಿಗೇ ನಿಲ್ಲಿಸಿ, ವಾಲ್ವ್‌ಗಳು ಎದ್ದು ಇಳಿಯುತ್ತಿವೆಯಾ ನೋಡಿ. ವಾಲ್ವ್ ಮೇಲೇ ಕಚ್ಚಿಕೊಂಡಿದ್ದರೆ ಇನ್ನೂ ತಿರುಗಿಸಿದಾಗ ಅದನ್ನು ಆಡಿಸುವ ಪುಶ್‌ರಾಡ್ ಕಡ್ಡಿ ಬಾಗುತ್ತೆ. ತಿರುಗದಿದ್ದರೂ ಹೆದರಬೇಕಿಲ್ಲ. ಹೆಡ್ ಇಳಿಸಿ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವುದು, ಅದೂ ಆಗದಿದ್ದರೆ ಸಿಲಿಂಡರಿನೊಳಗೆ ಹೊಸ ಕೊಳವೆ, ಅಂದರೆ ಲೈನರ್ ಕೂರಿಸುವುದು ಬೆಂಗಳೂರಿನ ಲೇತ್‌ನವರಿಗೆ ದಿನಬೆಳಗಾದರೆ ಮಾಡುವ ಕೆಲಸ.

ಈಗ ನಿಜವಾದ ಪರೀಕ್ಷೆಗೆ ಬರೋಣ. ಎಂಜಿಎಯಲ್ಲಿ ಬಾಡಿ ಬೇರೆ, ಚಾಸಿ ಬೇರೆ. ಎರಡೂ ಕಡೆ ಪೆಟ್ಟಿಗೆಯಂಥ ಉಕ್ಕಿನ ತೊಲೆ, ಅದರ ಮೇಲೆ ಬೋಲ್ಟಿನಿಂದ ಕೂತ ಬಾಡಿ. ಸೀಟಿನ ಕೆಳಗಿನ ನೆಲ ಸುಮಾರು ಅರ್ಧ ಇಂಚು ದಪ್ಪದ ಪ್ಲೈವುಡ್. ಬಾನೆಟ್, ಡಿಕ್ಕಿ ಮುಚ್ಚಳ, ಬಾಗಿಲಿನ ಹೊರತಗಡು ಅಲ್ಯೂಮಿನಿಯಂ. ಆದ್ದರಿಂದ ನೀವು ಹೇಳಿದ ‘ಬಾಗಿಲ ಕೆಳಗಿನ ತಗಡು’ ಅಂದರೆ ಸಿಲ್ ಅಂತ ತಿಳಿದುಕೊಂಡಿದ್ದೇನೆ: ಬಾಗಿಲ ಕೆಳಗೆ ಮುಂಗಂಬದಿಂದ ಹಿಂಗಂಬದವರೆಗೆ ಉದ್ದಕ್ಕೂ ಹೋಗುವ ಉಕ್ಕಿನ ಪೆಟ್ಟಿಗೆ. ಅದು ಈ ಕಾರಿನಲ್ಲಿ ಮೊದಲು ಹೋಗುವ ಜಾಗ. ಸಿಲ್ ಹೋಗಿದೆ ಅಂದ ಮಾತ್ರಕ್ಕೆ ಗಾಡಿ ಹೋಗಿದೆ ಎಂದಲ್ಲ, ಭಾರ ಹೊರುವುದು ಚಾಸಿ. ಆದರೆ ಸಿಲ್ಲೂ ಬಾಗಿಲಿನ ಹಿಂಜ್ ಕೂರುವ ಮುಂಗಂಬದ ಬುಡವೂ ಸೇರಿ ಬಾಡಿಯ ಆಕಾರವನ್ನು ಹಿಡಿದಿರುತ್ತವೆ. ಅವು ಕರಗಿದಾಗ ಬಾಡಿ ನಡುವಲ್ಲಿ ಕುಸಿದು ಬಾಗಿಲು ಲೊಡಕಾಗುತ್ತೆ.

ಒಂದು ಟಾರ್ಚ್, ಚಿಕ್ಕ ಸುತ್ತಿಗೆ, ದಪ್ಪ ಸ್ಕ್ರೂಡ್ರೈವರ್, ಅಯಸ್ಕಾಂತ, ತೂಕದ ಗುಂಡು ಕಟ್ಟಿದ ದಾರ, 5 ಮೀಟರಿನ ಉಕ್ಕಿನ ಟೇಪ್ ಸಾಕು. ಗಾಡಿಯನ್ನು ಜಾಕ್ ಮೇಲೆ ಎತ್ತಿ, ನಾಲ್ಕು ಕಡೆ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಅಡಿಗೆ ಹೋಗಿ. ಬರೀ ಜಾಕ್ ನಂಬಿಕೊಂಡು, ಅದೂ ಮಣ್ಣಿನ ನೆಲದಲ್ಲಿ, ಯಾರೂ ಅಡಿಗೆ ಮಲಗಬಾರದು. ಜಾಕ್ ಅಡಿಗೆ 2 ಇಂಚು ದಪ್ಪದ ಮರದ ಹಲಗೆ ಹಾಕಿ.

ಚಾಸಿ ತೊಲೆಯನ್ನು ಮುಂದಿನಿಂದ ಹಿಂದಿನವರೆಗೆ ಅಂಗೈಯಗಲಕ್ಕೊಮ್ಮೆ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಒಳ್ಳೇ ಉಕ್ಕು ಟಣ್ ಅನ್ನುತ್ತೆ, ಕೆಟ್ಟಿದ್ದು ಬೊದ್ದಾಗಿ ಕೇಳಿಸುತ್ತೆ. ಬೊದ್ದು ಕೇಳಿದ ಕಡೆ ಸ್ಕ್ರೂಡ್ರೈವರಿನಿಂದ ಗಟ್ಟಿಯಾಗಿ ಒತ್ತಿ. ಚುಚ್ಚಿಕೊಂಡು ಒಳಗೆ ಹೋದರೆ ಆ ಜಾಗಕ್ಕೆ ಚಾಕ್‌ಪೀಸಿನಲ್ಲಿ ಸುತ್ತು ಹಾಕಿ, ಫೋಟೋ ತೆಗೆಯಿರಿ. ಪ್ಲೈವುಡ್ ನೆಲ ಕೂರುವ ಆಂಗಲ್ ಪಟ್ಟಿಗಳನ್ನು ಬಿಡಬೇಡಿ, ಕೊಳೆತ ಮರ ನೀರು ಹಿಡಿದಿಟ್ಟು ಅವನ್ನು ತಿನ್ನುತ್ತೆ. ಸೀಟಿನ ಹಿಂದಿನ ಮುಚ್ಚಳ ತೆಗೆದರೆ 6 ವೋಲ್ಟಿನ ಎರಡು ಬ್ಯಾಟರಿ ಇಡುವ ತೊಟ್ಟಿಲು ಕಾಣುತ್ತೆ. ಆಸಿಡ್ ಚೆಲ್ಲಿ ಅದು ಹೋಗಿರುವುದು ಸಾಮಾನ್ಯ. ಅದನ್ನು ಹೊಸದಾಗಿ ಮಾಡಿಸಬಹುದು, ಅಲ್ಲಿಂದ ಪಕ್ಕದ ಚಾಸಿ ತೊಲೆಗೆ ತುಕ್ಕು ಹರಡಿದೆಯಾ ಅನ್ನುವುದು ಮುಖ್ಯ. ಹಿಂದಿನ ಲೀಫ್ ಸ್ಪ್ರಿಂಗಿನ ಮುಂತುದಿಯ ಕಿವಿ (ಬೋಲ್ಟ್ ತೂರಿಸುವ ಬಳೆ) ಕೂರುವ ಜಾಗ, ಮುಂದಿನ ಸಸ್ಪೆನ್ಷನ್ ಬೋಲ್ಟ್ ಆಗುವ ಅಡ್ಡತೊಲೆ, ಇವೆರಡೂ ಗಟ್ಟಿ ಇರಲೇಬೇಕು.

ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮಡ್‌ಗಾರ್ಡ್ ಮೇಲೆ, ಸಿಲ್ ಮೇಲೆ ಆಡಿಸಿ. ಉಕ್ಕಿನ ಭಾಗದಲ್ಲಿ ಹಿಡಿತ ಸಡಿಲವಾದರೆ ಅಡಿಗೆ ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಬಾಗಿಲ ಮೇಲೆ ಅಂಟದಿದ್ದರೆ ಗಾಬರಿ ಬೇಡ, ಅದು ಅಲ್ಯೂಮಿನಿಯಂ.

ಆಮೇಲೆ ಬಾಗಿಲ ಸಂದು ನೋಡಿ. ಬಾಗಿಲು ಮುಚ್ಚಿ, ಹಿಂದಿನ ಅಂಚಿನ ಸಂದನ್ನು ಮೇಲೊಂದು ಕಡೆ, ಕೆಳಗೊಂದು ಕಡೆ ಅಳೆದು ಬರೆದುಕೊಳ್ಳಿ. ಸುಮಾರು 5 ಮಿ.ಮೀ. ಒಂದೇ ಸಮ ಇದ್ದರೆ ಚೆನ್ನ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಬಾಡಿ ನಡುವಲ್ಲಿ ಇಳಿದಿದೆ. ಜಾಕ್‌ನಿಂದ ಎತ್ತುವಾಗ ಆ ಸಂದು ಕಣ್ಣೆದುರೇ ಬದಲಾದರೆ ಸಿಲ್ಲಿನಲ್ಲಿ ಜೀವವಿಲ್ಲ.

ಕೊನೆಯದು ಚಾಸಿ ಸೊಟ್ಟಗಿದೆಯಾ ಅನ್ನುವ ಅಳತೆ. ಗಾಡಿಯನ್ನು ಸಮತಟ್ಟು ಸಿಮೆಂಟ್ ನೆಲಕ್ಕೆ ತಂದ ಮೇಲೆ ಮಾಡಿ. ಎರಡೂ ಕಡೆ ಒಂದೇ ಥರದ ಬೋಲ್ಟುಗಳಿಂದ, ಮುಂದಿನ ಅಡ್ಡತೊಲೆಯಿಂದ ಒಂದು ಜೊತೆ, ಹಿಂದಿನ ಸ್ಪ್ರಿಂಗ್ ಕಿವಿಯಿಂದ ಒಂದು ಜೊತೆ, ಗುಂಡಿನ ದಾರ ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ. ಗಾಡಿ ಸರಿಸಿ, ನಾಲ್ಕು ಗುರುತುಗಳ ನಡುವೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ವ್ಯತ್ಯಾಸ 5-6 ಮಿ.ಮೀ. ಒಳಗಿದ್ದರೆ ಚಿಂತೆಯಿಲ್ಲ. 12 ಮಿ.ಮೀ. ದಾಟಿದರೆ ಎಂದೋ ಗುದ್ದಿರುವ ಗಾಡಿ, ಚಾಸಿಯನ್ನು ಬಿಗಿದು ನೇರ ಮಾಡುವ ಚೌಕಟ್ಟು, ಅಂದರೆ ಜಿಗ್ ಇರುವ ದೊಡ್ಡ ವರ್ಕ್‌ಶಾಪಿಗೇ ಹೋಗಬೇಕು.

ನಿಮ್ಮ ಗಾಡಿಯ ವಿಷಯದಲ್ಲಿ ನನಗೆ ಹೆಚ್ಚು ಕಳವಳ ಆಗಿರುವುದು ಆ ಸಾಕಣೆ ಮನೆ. ಕೋಲಾರ, ಚಿಕ್ಕಬಳ್ಳಾಪುರದ ಒಣ ಹವೆಯಲ್ಲಿ ಹಳೇ ಉಕ್ಕು ಮಂಗಳೂರಿನ ಕಡೆಗಿಂತ ಎಷ್ಟೋ ಚೆನ್ನಾಗಿ ಉಳಿಯುತ್ತೆ. ಆದರೆ ಹುಳುಮನೆ ತೊಳೆಯಲು ಬಳಸುವ ಬ್ಲೀಚಿಂಗ್ ಪೌಡರಿನಿಂದ ಕ್ಲೋರಿನ್ ಹೊರಬರುತ್ತೆ, ಪೊಟ್ಯಾಷ್ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಈ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಂಡು, ತಗಡಿನ ಗುಂಡಿಗಳಲ್ಲಿ ಕೂತು ತುಕ್ಕನ್ನು ಒಳಗೊಳಗೇ ಓಡಿಸುತ್ತೆ. ಅದರ ಗುರುತು ಸ್ಪಷ್ಟವಾಗಿ ಕಾಣುತ್ತೆ: ಸ್ಪಾಟ್ ವೆಲ್ಡಿಂಗ್ ಚುಕ್ಕೆಗಳ ನಡುವೆ ಎರಡು ತಗಡು ಸೇರುವ ಜಾಗ ಉಬ್ಬಿ, ಪದರ ಪದರವಾಗಿ ಏಳುತ್ತೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು, ಅದಕ್ಕೇ ತಗಡು ಬಾಯಿ ಬಿಡುವುದು. ಸಿಲ್ಲಿನ ಅಂಚು, ಡಿಕ್ಕಿಯ ನೆಲದ ಅಂಚು, ಮೂಟೆಗಳಿದ್ದ ಪಕ್ಕದ ಮಡ್‌ಗಾರ್ಡಿನ ಒಳಭಾಗವನ್ನು ಈ ಕಣ್ಣಿನಿಂದ ನೋಡಿ. ಬಾಗಿಲಲ್ಲಿ ಅಲ್ಯೂಮಿನಿಯಂ ಉಕ್ಕಿಗೆ ತಾಗುವ ಮಡಿಕೆಯಲ್ಲಿ ಬಿಳಿ ಪುಡಿ ಕಂಡರೆ ಎರಡು ಲೋಹ ಸೇರಿ ಅಲ್ಯೂಮಿನಿಯಂ ಕರಗುತ್ತಿದೆ ಎಂದರ್ಥ.

ನೀವು ಏನೇ ತೀರ್ಮಾನ ಮಾಡಿ, ಈ ವಾರವೇ ಗಾಡಿಯನ್ನು ಆ ಮನೆಯಿಂದ ಹೊರಗೆ ತನ್ನಿ. ಬ್ರೇಕ್ ಕಚ್ಚಿಕೊಂಡಿದ್ದರೆ ಎಳೆದಾಡಬೇಡಿ, ಚಕ್ರದ ಅಡಿಗೆ ಟ್ರಾಲಿ ಇಟ್ಟು ಸರಿಸಿ. ಸಿಮೆಂಟ್ ನೆಲ, ಗಾಳಿಯಾಡುವ ಶೆಡ್, ಚಾಸಿ ಅಡಿಗೆ ಸ್ಟ್ಯಾಂಡ್. ಇಲಿ ಗೂಡು, ಕೊಳೆತ ಕಾರ್ಪೆಟ್, ಸೀಟಿನ ನಾರು ತೆಗೆದುಹಾಕಿ. ಅವು ಸ್ಪಂಜಿನಂತೆ ನೀರು ಹಿಡಿದಿರುತ್ತವೆ. ಅಡಿಭಾಗವನ್ನು ಒಳ್ಳೇ ನೀರಿನಿಂದ ಎರಡು ಮೂರು ಸಲ ತೊಳೆದು, ಪೂರ್ತಿ ಬಿಸಿಲಿರುವ ದಿನ ಒಣಗಿಸಿ. ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸಬೇಡಿ, ರಾತ್ರಿಯ ಇಬ್ಬನಿ ಒಳಗೇ ಉಳಿಯುತ್ತೆ. ಹತ್ತಿ ಬಟ್ಟೆ ಸಾಕು.

ಗ್ಯಾರೇಜಿನ 4 ಲಕ್ಷದ ಲೆಕ್ಕದಲ್ಲಿ ಇಂಥ ತುಕ್ಕಿಗೆ ಏನು ಮಾಡುತ್ತಾರೆ ಅಂತ ಬರಹದಲ್ಲಿ ಕೇಳಿ. ಸರಿಯಾದ ಕೆಲಸ ಹೀಗೆ: ಬಾಗಿಲು ಮುಚ್ಚಲು ತಡೆಯಾಗದಂತೆ ಅದರ ಜಾಗದ ಒಳಬದಿಯಲ್ಲಿ ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಕಬ್ಬಿಣದ ಪೈಪು ವೆಲ್ಡ್ ಮಾಡಿ ಬಾಡಿಯನ್ನು ಕಟ್ಟಿಹಾಕಿದ ಮೇಲೆಯೇ ಸಿಲ್ ಕತ್ತರಿಸಬೇಕು. ಹಾಗೆ ಮಾಡದೆ ಬಾಡಿಯನ್ನು ಚಾಸಿಯಿಂದ ಎತ್ತಿದರೆ ಮಡಚಿಕೊಳ್ಳುತ್ತೆ, ಆಮೇಲೆ ಬಾಗಿಲು ಯಾವತ್ತೂ ಕೂರುವುದಿಲ್ಲ. ಒಂದು ಸಲಕ್ಕೆ ಒಂದೇ ಕಡೆ ಕತ್ತರಿಸಿ, ಬಾಗಿಲು ಹಾಕಿ ನೋಡಿ, ಚುಕ್ಕೆ ವೆಲ್ಡ್ ಇಟ್ಟು, ಮತ್ತೆ ಬಾಗಿಲು ನೋಡಿ, ಆಮೇಲೆ ಪೂರ್ತಿ ವೆಲ್ಡ್. ಸಿಲ್ಲಿಗೆ 18 ಗೇಜ್, ಅಂದರೆ 1.2 ಮಿ.ಮೀ. ಸಿಆರ್‌ಸಿ (ಕೋಲ್ಡ್ ರೋಲ್ಡ್) ಉಕ್ಕಿನ ತಗಡು, ಹೊರ ಮಡ್‌ಗಾರ್ಡಿಗೆ 20 ಗೇಜ್, ಚಾಸಿ ತೇಪೆಗೆ 2 ಮಿ.ಮೀ. ವೆಲ್ಡಿಂಗ್ ಗ್ಯಾಸ್ ಮತ್ತು ತಂತಿ ಬಳಸುವ ಮಿಗ್ ಮೆಷಿನ್ನಿನಲ್ಲಿ, 0.8 ಮಿ.ಮೀ. ತಂತಿ. ಗೇಟು ಮಾಡುವ ಆರ್ಕ್ ವೆಲ್ಡಿಂಗ್‌ನಲ್ಲಿ ಈ ತಗಡು ತೂತಾಗುತ್ತೆ. ಅಲ್ಯೂಮಿನಿಯಂ ಭಾಗ ಮತ್ತು ದೊಡ್ಡ ಚಪ್ಪಟೆ ತಗಡಿಗೆ ಸ್ಯಾಂಡ್‌ಬ್ಲಾಸ್ಟಿಂಗ್ ಬೇಡ, ಸೊಟ್ಟಾಗುತ್ತವೆ. ಚಾಸಿಗೆ ಮಾಡಿಸಬಹುದು. ಬ್ಲಾಸ್ಟ್ ಆದ ಮೇಲೂ ಕ್ಲೋರೈಡ್ ಗುಂಡಿಗಳಲ್ಲಿ ಉಳಿದಿರುತ್ತೆ, ಆದ್ದರಿಂದ ನೀರಿನಲ್ಲಿ ತೊಳೆದು, ಒಣಗಿಸಿ, ಮತ್ತೆ ಹಗುರವಾಗಿ ಬ್ಲಾಸ್ಟ್ ಮಾಡಿ ಅಂದೇ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ತುಕ್ಕಿನ ಮೇಲೆ ಬರೀ ರಸ್ಟ್ ಕನ್ವರ್ಟರ್ ಬಳಿದು ಪೇಂಟ್ ಹೊಡೆದರೆ ಅಡಿಯಿಂದ ಮತ್ತೆ ಗುಳ್ಳೆ ಏಳುತ್ತೆ. ಈ ಗ್ಯಾರೇಜಿನವರಿಗೆ ಪೈಪು ಕಟ್ಟುವ ವಿಷಯ ಕೇಳಿದಾಗ ಅರ್ಥವಾಗದಿದ್ದರೆ ಅಲ್ಲಿಗೆ ಗಾಡಿ ಕೊಡಬೇಡಿ.

ಇಷ್ಟೆಲ್ಲಾ ಮಾಡಲು ಟಿಂಕರಿಂಗ್ ಮತ್ತು ಪೇಂಟ್ ತಯಾರಿಗೇ 800 ಗಂಟೆ ಕಡಿಮೆ ಅಲ್ಲ. ದಿನಕ್ಕೆ 8 ಗಂಟೆಯಂತೆ 100 ಆಳುದಿನ. ಚೆನ್ನಾಗಿ ಕೆಲಸ ಬಲ್ಲ ಟಿಂಕರಿನ ದಿನಗೂಲಿಯಿಂದ ಅದನ್ನು ಗುಣಿಸಿ, ಆ 4 ಲಕ್ಷ ಎಲ್ಲಿಗೆ ನಿಲ್ಲುತ್ತೆ ಅಂತ ನೀವೇ ನೋಡಿ. ಅದರ ಮೇಲೆ ವೈರಿಂಗ್, ಕ್ರೋಮ್, ಟೈರು, ಹುಡ್ ಬಟ್ಟೆ, ಸೀಟು ಬರುತ್ತೆ. ಬ್ರೇಕಿಗೆ ಹೊಸ ಪೈಪು, ಹೊಸ ರಬ್ಬರ್, ವ್ಹೀಲ್ ಸಿಲಿಂಡರಿಗೆ ಸ್ಲೀವ್ ಬೇಕು. ನಾಲ್ಕೂ ಚಕ್ರ ಡ್ರಮ್ ಬ್ರೇಕ್, ಒಂದನ್ನೂ ಹಳೆಯದರಲ್ಲಿ ಬಿಡುವಂತಿಲ್ಲ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ತಡೆಯುವ ಹೋಸ್ ಬೇಕು. ಸೀಸವಿಲ್ಲದ ಪೆಟ್ರೋಲಿಗಾಗಿ ಹೆಡ್ ಬಿಚ್ಚಿದಾಗಲೇ ಗಟ್ಟಿ ಎಕ್ಸಾಸ್ಟ್ ವಾಲ್ವ್ ಸೀಟ್ ಹಾಕಿಸಬೇಕು. ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿ, ಈ ಗಾಡಿಯ ಬಾಡಿಯನ್ನು ಸೇರುವುದು ಬ್ಯಾಟರಿಯ ಪ್ಲಸ್ ತಂತಿ, ಈಗಿನ ಗಾಡಿಗಳಂತೆ ಮೈನಸ್ ಅಲ್ಲ. ಬಂದ ಮೊತ್ತಕ್ಕೆ ಮೂರನೇ ಒಂದು ಪಾಲು ಮೀಸಲು ಸೇರಿಸಿ. ಲಾಭಕ್ಕಾಗಿ ಮಾಡಿಸುವುದಾದರೆ ಬೇಡವೇ ಬೇಡ. ಸರಿಯಾಗಿ ಮಾಡಿಸಿದ ಖರ್ಚು ಮಾರಿದಾಗ ಪೂರ್ತಿ ವಾಪಸ್ ಬರುವುದು ಅಪರೂಪ. ತಾತನ ಗಾಡಿ ಮನೆಯಲ್ಲಿ ಉಳಿಯಬೇಕು, ಎರಡು ಮೂರು ವರ್ಷ ನಿಧಾನವಾಗಿ ಹಣ ಹಾಕುತ್ತೇವೆ ಅನ್ನುವವರಿಗೆ ಮಾತ್ರ ಈ ದಾರಿ.

ಸಾಮಾನಿನ ಪಟ್ಟಿಯೂ ತೀರ್ಮಾನವನ್ನು ತಿರುಗಿಸುತ್ತೆ. ಜೋಡಿ ಎಸ್‌ಯು ಕಾರ್ಬುರೇಟರ್, ಮುಂದಿನ ಗಾಜಿನ ಫ್ರೇಮು, ಮುಂಭಾಗದ ಗ್ರಿಲ್, ಜೇಗರ್ ಮೀಟರುಗಳು, ಹುಡ್‌ನ ಕಂಬಿ, ಪಕ್ಕದ ಪರದೆ, ಸ್ಟಿಯರಿಂಗ್ ಚಕ್ರ ಇವೆಯಾ ಎಣಿಸಿ. ಇವು ಅಂಬಾಸಿಡರಿನಿಂದ ಸಿಗುವುದಿಲ್ಲ. ಬ್ರಿಟನ್ನಿನ ವ್ಯಾಪಾರಿಗಳಿಂದ ತರಿಸಿದರೆ ಬೆಲೆಯ ಮೇಲೆ ಸಾಗಣೆ, ಸೀಮಾಸುಂಕ, ತೆರಿಗೆ ಬೀಳುತ್ತೆ. ಅಟ್ಟದ ಮೇಲೆ, ಪಂಪ್‌ಹೌಸಿನಲ್ಲಿ ಹುಡುಕಿ. ಹಳೇ ಮನೆಗಳಲ್ಲಿ ಇಂಥವು ಗೋಣಿಚೀಲದಲ್ಲಿ ಸುತ್ತಿ ಇಟ್ಟಿರುತ್ತಾರೆ.

ಕಾಗದದ ಕೆಲಸ ಮಾರಿದರೂ ಮಾಡಿಸಿದರೂ ತಪ್ಪದು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗುವವರೆಗೆ ನಿಮ್ಮ ತಾಲೂಕು ಕೋಲಾರಕ್ಕೆ ಸೇರಿತ್ತು. ಹಾಗಾಗಿ ಹಳೇ ದಾಖಲೆಯನ್ನು ಆರ್‌ಸಿಯಲ್ಲಿ ನಮೂದಾದ ಕಚೇರಿಯಲ್ಲಿ, ಜೊತೆಗೆ ಕೋಲಾರ ಆರ್‌ಟಿಒದಲ್ಲಿ ವಿಚಾರಿಸಿ, ನೋಂದಣಿ ದಾಖಲೆಯ ನಕಲಾದ ಬಿ-ಎಕ್ಸ್‌ಟ್ರಾಕ್ಟ್ ಪಡೆಯಿರಿ. ಅದರ ಚಾಸಿ ನಂಬರನ್ನು ಇಂಜಿನ್ ಹಿಂದಿನ ಅಡ್ಡಗೋಡೆ, ಅಂದರೆ ಬಲ್ಕ್‌ಹೆಡ್ ಕಡೆ ಇರುವ ಪ್ಲೇಟಿನೊಂದಿಗೆ, ಇಂಜಿನ್ ನಂಬರನ್ನು ಬ್ಲಾಕಿನ ಪ್ಲೇಟಿನೊಂದಿಗೆ ಹೋಲಿಸಿ. ಪ್ಲೇಟಿಗೆ ಸ್ಯಾಂಡ್‌ಪೇಪರ್ ತಾಗಿಸಬೇಡಿ, ಸೀಮೆಎಣ್ಣೆಯಲ್ಲಿ ಒರೆಸಿ. ಆಮೇಲೆ ತಾತನ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರೆಲ್ಲರ ಒಪ್ಪಿಗೆಯ ಅಫಿಡವಿಟ್ ಇಟ್ಟು ಫಾರಂ 31ರಲ್ಲಿ ಒಬ್ಬರ ಹೆಸರಿಗೆ ವರ್ಗ ಮಾಡಿಸಿ. ಆರ್‌ಸಿ ಹರಿದಿದ್ದರೆ ನಕಲು ಆರ್‌ಸಿಗೆ ಫಾರಂ 26. ಹಳೇ ನಂಬರ್ ಕಂಪ್ಯೂಟರಿನಲ್ಲಿ ಇಲ್ಲ ಅಂದರೆ ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವ ಬ್ಯಾಕ್‌ಲಾಗ್ ಎಂಟ್ರಿಗೆ ಅರ್ಜಿ ಕೊಡಿ. ವಿಂಟೇಜ್ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ, ನವೀಕರಣಕ್ಕೆ 5,000. ಮೊದಲೇ ನೋಂದಣಿಯಾದ ಗಾಡಿಗೆ ಹಳೇ ನಂಬರ್ ಉಳಿಯುತ್ತೆ. ಆದರೆ ವಿಂಟೇಜ್ ಗಾಡಿಯನ್ನು ದಿನಾ ಸಂತೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಇಂಧನ ತುಂಬಿಸುವುದು, ರಿಪೇರಿ ಇಂಥವಕ್ಕೆ ಮಾತ್ರ.

ನನ್ನ ಸಲಹೆ ಹೀಗಿದೆ. ಚಾಸಿ ತೊಲೆ ಗಟ್ಟಿ, ಕರ್ಣ ಸರಿ, ನಂಬರ್ ತಾಳೆ, ದುಬಾರಿ ಸಾಮಾನು ಬಹುಪಾಲು ಇದೆ, ಹೋಗಿರುವುದು ಸಿಲ್ಲು ಮತ್ತು ಪ್ಲೈವುಡ್ ಮಾತ್ರ ಅನ್ನುವುದಾದರೆ ಮಾಡಿಸುವ ಯೋಗ್ಯತೆ ಇರುವ ಗಾಡಿ ಅದು. ಮೂವರಲ್ಲಿ ಒಬ್ಬರು ಜವಾಬ್ದಾರಿ ಹೊತ್ತರೆ ಮಾಡಿಸಿ, ಚಾಸಿ ಮತ್ತು ಬಾಡಿಯ ಕೆಲಸಕ್ಕೆ ಮೊದಲ ವರ್ಷದ ಹಣವನ್ನೆಲ್ಲಾ ಇಡಿ. ಚಾಸಿ ಸೊಟ್ಟಗಿದ್ದರೆ, ಅಥವಾ ತೊಲೆಯಲ್ಲಿ ಸ್ಕ್ರೂಡ್ರೈವರ್ ನಾಲ್ಕಾರು ಕಡೆ ಒಳಹೋದರೆ, ಅಥವಾ ಮೂವರಲ್ಲಿ ಒಮ್ಮತ ಇಲ್ಲದಿದ್ದರೆ ಮಾರಿ. ಅರ್ಧ ಮಾಡಿಸಿ ಮಾರುವುದು ಮಾತ್ರ ಬೇಡ. ಹೊಸ ಪೇಂಟಿನ ಅಡಿಗೆ ಏನಿದೆಯೋ ಅಂತ ಕೊಳ್ಳುವವರು ಅನುಮಾನ ಪಡುತ್ತಾರೆ. ಮುಟ್ಟದ ತುಕ್ಕು ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತೆ.

ಮಾರುವುದಾದರೆ 5 ಲಕ್ಷ ಅನ್ನುವ ಒಂದೇ ಮಾತಿಗೆ ಒಪ್ಪಬೇಡಿ, ಅದು ಗಾಡಿಯ ಅಡಿಯನ್ನು ನೀವು ನೋಡುವ ಮೊದಲು ಬಂದ ಬೆಲೆ. ಚಾಕ್ ಗುರುತಿನ ಫೋಟೋ, ಕರ್ಣದ ಅಳತೆ, ಸಾಮಾನಿನ ಪಟ್ಟಿ, ನಿಮ್ಮ ಹೆಸರಿಗಾದ ಆರ್‌ಸಿ ಇಟ್ಟುಕೊಂಡು ವಿಂಟೇಜ್ ಗಾಡಿ ಬಲ್ಲ ಕನಿಷ್ಠ ಮೂರು ಜನರಿಂದ ಬೆಲೆ ಕೇಳಿ. ಫೋಟೋ ಕಳಿಸುವಾಗ ಚಾಸಿ ಪ್ಲೇಟಿನ ಕೊನೆಯ ಅಂಕಿಗಳನ್ನು ಮುಚ್ಚಿ. ‘ಇಂಜಿನ್ ಮಾತ್ರ ಕೊಡಿ, ಪ್ಲೇಟು ಮಾತ್ರ ಕೊಡಿ’ ಅನ್ನುವವರಿಗೆ ಇಲ್ಲ ಅನ್ನಿ. ಪ್ಲೇಟು ಹೋದ ಗಾಡಿಗೆ ಗುರುತೇ ಇರುವುದಿಲ್ಲ, ಅದು ಬೇರೆ ಯಾವುದೋ ಗಾಡಿಯ ಮೇಲೆ ಕಾಣಿಸಿಕೊಂಡರೆ ಪೊಲೀಸರು ಬರುವುದು ಆರ್‌ಸಿಯಲ್ಲಿ ಹೆಸರಿರುವವರ ಮನೆಗೆ. ಪೂರ್ತಿ ಹಣ ಬ್ಯಾಂಕ್ ಖಾತೆಗೆ ಬಂದ ಮೇಲೆ, ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಇಬ್ಬರೂ ಸಹಿ ಹಾಕಿ, ಕೊಂಡವರ ಗುರುತಿನ ಚೀಟಿಯ ನಕಲು ಪಡೆದು, ಗಾಡಿ ಲಾರಿಗೆ ಹತ್ತಿದ ದಿನ ಮತ್ತು ಸಮಯ ಬರೆದ ರಸೀದಿಗೆ ಅವರ ಸಹಿ ತೆಗೆದುಕೊಳ್ಳಿ. ಗೋಣಿಚೀಲದಲ್ಲಿ ಸಿಕ್ಕ ಸಾಮಾನನ್ನೂ ಅದೇ ರಸೀದಿಯಲ್ಲಿ ಒಂದೊಂದಾಗಿ ಬರೆಸಿ.